ಮೂರು ಕದದ ಕಿಟಕಿ

ಇವತ್ತು ಏನೇ ಆಗಲಿ ಪರದೆ ತಂದೇ ತರುವುದು ಎಂದು ಮೆಟ್ಟಿಲಿಳಿಯುವಾಗ ಅವಳು ಮೂರನೆಯ ಸಲ ಹೇಳಿಕೊಂಡಳು. ಮೂರು ಸಲ ಹೇಳಿಕೊಳ್ಳಬೇಕಾಯಿತಲ್ಲ ಎಂಬುದೇ ಅವಳಿಗೆ ಅನುಮಾನ ತಂದಿತು. ನಿಜವಾಗಿ ನಿಶ್ಚಯಿಸಿದವರು ಹೇಳಿಕೊಳ್ಳುತ್ತ ಕೂರುವುದಿಲ್ಲ, ಹೊರಟುಬಿಡುತ್ತಾರೆ. ಅವಳ ಗಂಡ ಹಾಗೆ. ಹಲ್ಲು ಕೀಳಿಸಬೇಕೆಂದು ಬೆಳಗಿನ ಚಹಾದ ಹೊತ್ತಿಗೆ ಅನ್ನಿಸಿದರೆ ಮಧ್ಯಾಹ್ನದೊಳಗೆ ಹಲ್ಲನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಬರುವ ಮನುಷ್ಯ. ಬಾಗಿಲಲ್ಲಿ ನಿಂತು ಅವನು, "ಒಂದು ಚೂರು ಬಟ್ಟೆಗೆ ಎಂಟು ದಿನ ಯೋಚನೆ ಮಾಡಿದೀಯಲ್ಲೇ, ನನ್ನನ್ನ ಒಪ್ಪೋಕೂ ಇಷ್ಟು ದಿನ ತಗೊಂಡಿರಲಿಲ್ಲ," ಎಂದು ನಗಾಡಿದ್ದ. "ಅದಕ್ಕೇ ಈಗ ಯೋಚನೆ ಮಾಡೋದು ಕಲ್ತಿದೀನಿ," ಎಂದು ಅವಳೂ ಬಾಯಿಗೆ ಬಂದದ್ದನ್ನು ಹಿಂದಕ್ಕೆಸೆದು ಇಳಿದಿದ್ದಳು. ಅವನು ಅಳತೆ ಬರೆದುಕೊಟ್ಟ ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡೇ ಉಳಿಯಿತು ಎಂದು ಹೊಳೆದದ್ದು ಬೀದಿಯ ತಿರುವಿನಲ್ಲಿ. ಹಿಂತಿರುಗಿದರೆ ಇವತ್ತೂ ಹೋದ ಹಾಗೆಯೇ. ನಮ್ಮದೇ ಅಡಿಗೆಮನೆ, ಹತ್ತೊಂಬತ್ತು ವರ್ಷ ಆ ಕಿಟಕಿಯ ಮುಂದೆ ನಿಂತಿದ್ದೇನೆ, ಅಳತೆಗೆ ಚೀಟಿ ಬೇರೆ ಕೇಡು ಎಂದುಕೊಂಡು ಮುಂದೆ ನಡೆದಳು.

ಪರದೆ ಹಾಕಿ ಎಂದು ಕೇಳಿದವಳು ಎದುರುಮನೆ ಅಜ್ಜಿಯ ಮಗಳು. ತರಕಾರಿ ಗಾಡಿಯ ಹತ್ತಿರ, ಆಲೂಗಡ್ಡೆ ಆರಿಸುತ್ತ, ಮುಖ ನೋಡದೆ ಕೇಳಿದ್ದಳು. "ಅಕ್ಕಾ, ತಪ್ಪು ತಿಳ್ಕೋಬೇಡಿ. ನಿಮ್ಮ ಅಡಿಗೆಮನೆ ಕಿಟಕಿಗೆ ಒಂದು ಪರದೆ ಹಾಕ್ತೀರಾ? ಅಮ್ಮ ದಿನವಿಡೀ ನಿಮ್ಮ ಕಿಟಕೀನೇ ನೋಡ್ತಾ ಕೂತಿರ್ತಾರೆ. ತುತ್ತು ಬಾಯಿಗಿಟ್ರೆ ತಲೆ ಆ ಕಡೆ ತಿರುಗಿಸ್ತಾರೆ. ಕುರ್ಚಿ ತಿರುಗಿಸಿದ್ರೆ ರಂಪ. ನಮ್ಮ ಕಡೆ ಒಂದು ಹಳೇ ದುಪ್ಪಟಿ ಕಟ್ಟಿ ನೋಡ್ದೆ, ಅದಕ್ಕೂ ಕೂಗಾಟ. ನೀವೇ ಕಾಣದೆ ಹೋದ್ರೆ ಮರೀತಾರೇನೋ ಅಂತ." ಸುತ್ತ ನಿಂತ ಇಬ್ಬರು ಹೆಂಗಸರು ಕೊತ್ತಂಬರಿ ಕಟ್ಟನ್ನು ಕೈಯಲ್ಲಿ ಹಿಡಿದು ಕಿವಿ ನಿಮಿರಿಸಿದ್ದು ಅವಳಿಗೆ ಕಂಡಿತು. ಅವಳಿಗೆ ಎಲ್ಲವೂ ಕಾಣುತ್ತದೆ, ಅದೇ ಅವಳ ರೋಗ. "ಅದಕ್ಕೇನಮ್ಮ, ನಾಳೆನೇ ಹಾಕ್ತೀನಿ," ಎಂದು ನಕ್ಕಿದ್ದಳು. ನಕ್ಕ ತುಟಿ ಮನೆ ತಲುಪುವವರೆಗೂ ಹಾಗೇ ಬಿಗಿದುಕೊಂಡಿತ್ತು. ಎರಡು ಮನೆಗಳೂ ಎರಡನೆಯ ಮಹಡಿಯಲ್ಲಿ, ನಡುವೆ ಎರಡು ಸೈಕಲ್ಲುಗಳು ಮೈ ತಾಗಿಸದೆ ದಾಟುವಷ್ಟೇ ಓಣಿ. ಇಷ್ಟು ವರ್ಷ ನೋಡುತ್ತಿದ್ದವಳು ತಾನು. ಈಗ ಏಳು ತಿಂಗಳಿಂದ, ತಾನು ಸೌತೆಕಾಯಿ ಹೆಚ್ಚುವಾಗ, ಸೀನುವಾಗ, ಸಕ್ಕರೆ ಡಬ್ಬಿಗೆ ಬೆರಳಿಟ್ಟು ನೆಕ್ಕುವಾಗ, ಆ ಕಡೆಯಿಂದ ಎರಡು ಕಣ್ಣು ನೆಟ್ಟಿದ್ದವು ಎಂಬುದು ಅವಳಿಗೂ ಗೊತ್ತಿಲ್ಲದ್ದೇನಲ್ಲ. ಅದನ್ನು ಬೇರೆಯವರ ಬಾಯಲ್ಲಿ, ಆಲೂಗಡ್ಡೆಯ ಪಕ್ಕದಲ್ಲಿ, ಕೇಳಬೇಕಾಗಿ ಬಂತು.

ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವುದು ಅವಳ ಕೆಲಸ. ಅಲ್ಲಿ ಅವಳನ್ನು ಹಿಂದಿನಿಂದ ಭೂತಗನ್ನಡಿ ಎನ್ನುತ್ತಾರೆ. ಮುಂದಿನಿಂದಲೂ ಒಂದೆರಡು ಸಲ ಅಂದದ್ದುಂಟು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತಾರೆ, ಅವಳು ಅಚ್ಚಾದ ಹಾಳೆಯ ಮೇಲೆ ಕಣ್ಣು ನಡೆಸುತ್ತಾಳೆ, ಓದಿದ್ದಕ್ಕೂ ಕಂಡದ್ದಕ್ಕೂ ಕೂದಲೆಳೆ ವ್ಯತ್ಯಾಸವಾದರೆ ಪೆನ್ಸಿಲು ತಾನಾಗಿ ನಿಲ್ಲುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅವಳು ಕಲಿತದ್ದು ಇಷ್ಟೇ: ತಪ್ಪನ್ನು ಮೊದಲ ಓದಿನಲ್ಲಿ ಹಿಡಿಯಬೇಕು. ಒಂದು ಸಲ ಅದರ ಮೇಲೆ ಕಣ್ಣು ಹಾಯ್ದು ಮುಂದೆ ಹೋಯಿತೋ, ಆಮೇಲೆ ಹತ್ತು ಸಲ ಓದಿದರೂ ಅದು ಸರಿಯಾಗಿಯೇ ಕಾಣುತ್ತ ಹೋಗುತ್ತದೆ.

ಪರದೆ ಅಂಗಡಿ ಉದ್ದಕ್ಕೆ, ರೈಲು ಡಬ್ಬಿಯ ಹಾಗೆ. ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡ ಅಂಗಡಿಯವನು ಅವಳು ಬಾಯಿ ತೆರೆಯುವ ಮೊದಲೇ ನಾಲ್ಕು ಥಾನು ಬಿಚ್ಚಿ ಹರಡಿದ. ಅಡಿಗೆಮನೆಗೆ ಎಂದ ಕೂಡಲೇ ನಾಲ್ಕನ್ನೂ ಸುತ್ತಿಟ್ಟ. "ಹಾಗಾದ್ರೆ ಇವು ಬೇಡಮ್ಮ. ಎಣ್ಣೆ ಹೊಗೆ ಕುಡಿದು ಆರು ತಿಂಗಳಿಗೆ ಹಪ್ಪಳ ಆಗಿಬಿಡ್ತವೆ." ಪಟ್ಟಿಪಟ್ಟಿಯ ಬ್ಲೈಂಡು ತೋರಿಸಿದ, ದಾರ ಎಳೆದರೆ ಸರ್ರನೆ ಏಳುವಂಥದ್ದು, ಬಿದಿರುಕಡ್ಡಿಯ ತೆರೆ ತೋರಿಸಿದ, "ಇದು ನೋಡೋಕೆ ಚೆಂದ, ಸಂದಿಯೊಳಗಿನ ಜಿರಲೆಗೂ ಚೆಂದ" ಎಂದು ತಾನೇ ನಕ್ಕ. ಗಾಜಿಗೆ ಅಂಟಿಸುವ ಮಬ್ಬು ಹಾಳೆ, ಕಿಟಕಿಯ ಕೆಳಗಿನ ಅರ್ಧ ಮಾತ್ರ ಮುಚ್ಚುವ ಗಿಡ್ಡ ಪರದೆ, ಗಾಳಿ ಬೀಸಿದರೆ ಇದೆಯೋ ಇಲ್ಲವೋ ಎನ್ನುವಂಥ ಜಾಲರಿ. ಅವಳು ಒಂದೊಂದನ್ನೂ ಬೆರಳಲ್ಲಿ ಹಿಸುಕಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಯಾವುದನ್ನು ತೆಗೆದುಕೊಂಡರೂ ಬೇರೆ ಯಾವುದೋ ಸರಿಯಾಗಿತ್ತು ಎಂದು ಮನೆಗೆ ಹೋದ ಮೇಲೆ ಅನ್ನಿಸುತ್ತದೆಂದು ಈಗಲೇ ಗೊತ್ತಿತ್ತು.

"ಬಣ್ಣ ಆಮೇಲಮ್ಮ," ಅಂದ ಅಂಗಡಿಯವನು, ಅವಳ ಗೊಂದಲ ಕಂಡು. "ಮೊದಲು ಒಂದು ಹೇಳಿ. ನೀವು ಹೊರಗೆ ನೋಡಬೇಕಾ, ಇಲ್ಲಾ ಹೊರಗಿನವರಿಗೆ ನೀವು ಕಾಣಬಾರದಾ?"

"ಎರಡೂ ಅಂದ್ರೆ?"

"ಎಲ್ಲರೂ ಎರಡೂ ಅಂತಾರೆ." ಅವನು ತೆಳ್ಳನೆಯ ಬಟ್ಟೆಯೊಂದನ್ನು ಇಬ್ಬರ ಮುಖದ ನಡುವೆ ಎತ್ತಿ ಹಿಡಿದ. "ಹಗಲಲ್ಲಿ ಇದರಿಂದ ನಿಮಗೆ ಲೋಕವೆಲ್ಲ ಕಾಣತ್ತೆ, ಲೋಕಕ್ಕೆ ನೀವು ಕಾಣಲ್ಲ. ಸಂಜೆ ದೀಪ ಹಾಕಿದ್ರೆ ಉಲ್ಟಾ. ಯಾರ ಕಡೆ ದೀಪ ಉರೀತದೋ ಅವರೇ ಬಯಲಿಗೆ. ಅಷ್ಟೇ ಈ ವ್ಯಾಪಾರದ ಗುಟ್ಟು."

ಬಟ್ಟೆಯಾಚೆ ಅವನ ಮುಖ ಒಂದು ಬೂದು ಗುಡ್ಡೆಯಾಗಿ ತೇಲುತ್ತಿತ್ತು. ಏಳು ತಿಂಗಳ ಹಿಂದೆ, ಆವತ್ತು ಸಂಜೆ ಆರೂ ಇಪ್ಪತ್ತು. ಹೊರಗೆ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ, ಓಣಿಯಲ್ಲಿ ಆಗಿತ್ತು. ಅವಳು ಒಲೆಯ ಮೇಲೆ ಹಾಲಿಟ್ಟಿದ್ದಳು. ಎದುರಿನ ಅಡಿಗೆಮನೆಯಲ್ಲಿ ಅಜ್ಜಿ ಸ್ಟೂಲು ಹತ್ತಿ ಮೇಲಿನ ಹಲಗೆಯ ಡಬ್ಬಕ್ಕೆ ಕೈ ಚಾಚಿದ್ದರು. ಆ ಡಬ್ಬದಲ್ಲಿ ಬಿಸ್ಕತ್ತು ಇರುತ್ತದೆಂದು, ಮಗಳು ಬೇಕೆಂದೇ ಎತ್ತರಕ್ಕೆ ಇಟ್ಟು ಹೋಗುತ್ತಾಳೆಂದು, ಸಂಜೆ ಮಗಳು ಬರುವ ಮೊದಲು ಅಜ್ಜಿ ಎರಡೇ ಎರಡು ತಿಂದು ಡಬ್ಬವನ್ನು ಮೊದಲಿನ ಹಾಗೇ ಓರೆಯಾಗಿ ಇಡುತ್ತಾರೆಂದು ಅವಳಿಗೆ ಗೊತ್ತಿತ್ತು. ನೋಡುತ್ತ ನಗು ಬಂದಿತ್ತು ಕೂಡ. ಬಿಳಿಯ ತುರುಬು ಒಮ್ಮೆ ಅಲುಗಿತು. ಆಮೇಲೆ ಇರಲಿಲ್ಲ. ಒಂದು ಕೈ ಕಿಟಕಿಯ ಕಟ್ಟೆಯನ್ನು ಹಿಡಿಯಲು ಬಂತು, ಹಿಡಿಯದೆ ಇಳಿಯಿತು. ಅವಳು ಹಾಲಿನ ಒಲೆ ಆರಿಸಿದಳು. ಅಲ್ಲಿಂದ ಮುಂದಿನ ಒಂದು ಸಾಲನ್ನು ಅವಳು ಯಾವಾಗಲೂ ಹಾರಿಸಿ ಓದುತ್ತಿದ್ದಳು; ನೇರ ಅದರ ಮುಂದಿನ ಸಾಲು, ತಾನು ಕಿಟಕಿಯ ಪಕ್ಕದ ಗೋಡೆಗೆ ಒರಗಿ ನಿಂತದ್ದು. ಈಗ ಏಳುತ್ತಾರೆ. ಈಗ. ಕೂಗಿದರೆ ಕೇಳುವ ದೂರ. ಆದರೆ ಕೂಗಿದರೆ, ನಿಮಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಬರುತ್ತದೆ. ಎರಡು ವರ್ಷದ ಹಿಂದೆ ಆ ಮಗಳು ಒಮ್ಮೆ ತಲೆಯೆತ್ತಿ ಇವಳ ಕಣ್ಣನ್ನು ಹಿಡಿದು, ಏನೂ ಹೇಳದೆ, ಕದವನ್ನು ದಢಾರನೆ ಮುಚ್ಚಿದ್ದಳು. ಚಿಕ್ಕಂದಿನಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ಚಿಕ್ಕಪ್ಪ ಚಿಕ್ಕಮ್ಮನ ಪೆಟ್ಟಿಗೆ ತೆಗೆದದ್ದನ್ನು ಕಿಂಡಿಯಿಂದ ಕಂಡೆ ಎಂದು ಹೇಳಿದ್ದಕ್ಕೆ ಕೆನ್ನೆಗೆ ಏಟು ತಿಂದದ್ದು ಚಿಕ್ಕಪ್ಪನಲ್ಲ, ಹೇಳಿದ ಅವಳೇ. ಇಣುಕುಗಣ್ಣಿ, ಎಂದಿದ್ದಳು ಅವ್ವ, ಕಂಡದ್ದನ್ನೆಲ್ಲ ಆಡಬಾರದು ಅಂತ ಯಾವಾಗ ಬುದ್ಧಿ ಬರತ್ತೆ ನಿಂಗೆ. ಇನ್ನೊಂದು ನಿಮಿಷ ನೋಡೋಣ. ಮನೆಯಲ್ಲಿ ಬೇರೆ ಯಾರಾದರೂ ಇರಬಹುದು. ಇರಲಿಕ್ಕಿಲ್ಲ ಎಂದು ಗೊತ್ತಿದ್ದವಳೂ ಅವಳೇ. ಏಳೂ ಐದಕ್ಕೆ ಎದುರುಮನೆಯ ಬೀಗ ತೆರೆದ ಸದ್ದು, ಆಮೇಲೆ ಅಮ್ಮಾ ಎಂಬ ಕೂಗು. ನಲವತ್ತೈದು ನಿಮಿಷ.

"ಅಮ್ಮಾ?" ಅಂಗಡಿಯವನು ಬಟ್ಟೆ ಇಳಿಸಿದ್ದ.

"ಕಾಣಬಾರದು," ಎಂದಳು. "ಮುಚ್ಚಿದ್ರೆ ಏನೂ ಕಾಣಬಾರದು. ಎರಡೂ ಕಡೆಗೆ."

"ಹಾಗೆ ಬನ್ನಿ ದಾರಿಗೆ." ಅವನು ದಪ್ಪ ಹತ್ತಿ ಬಟ್ಟೆಯ ಥಾನುಗಳನ್ನು ಎಳೆದ. "ಕಿಟಕಿ ಚೌಕಟ್ಟಿಗೆ ಯಾವ ಬಣ್ಣ?"

"ಹಸಿರು. ಸ್ವಲ್ಪ ಎದ್ದು ಹೋಗಿದೆ."

"ಎಷ್ಟು ಕದ?"

"ಮೂರು. ಒಂದೊಂದು ಒಂದೂವರೆ ಅಡಿ. ಎತ್ತರ ನಾಲ್ಕು. ಮೇಲೆ ಎರಡು ಕೊಕ್ಕೆ ಆಗಲೇ ಇವೆ, ಎಡಗಡೆದು ಸ್ವಲ್ಪ ಬಗ್ಗಿದೆ." ಎಂಟು ದಿನದಲ್ಲಿ ಮೊದಲ ಬಾರಿಗೆ ಅವಳ ಮಾತು ತಡವರಿಸಲಿಲ್ಲ. ತುಂಬಿದ ತರಗತಿಯಲ್ಲಿ ಉತ್ತರ ಗೊತ್ತಿರುವ ಪ್ರಶ್ನೆಗೇ ಮೇಷ್ಟ್ರು ಎಬ್ಬಿಸಿದ ಹಾಗಿತ್ತು. ಅವನು ಬರೆದುಕೊಂಡ. ಅಗಲಕ್ಕೆ ಎರಡರಷ್ಟು ಬಟ್ಟೆ ಬೇಕೆಂದ. ಅಳತೆಗೆ ಸರಿಯಾಗಿ ಕೊಯ್ದರೆ ನೆರಿಗೆ ಬೀಳುವುದಿಲ್ಲ, ಹಗ್ಗಕ್ಕೆ ಒಣಹಾಕಿದ ಟವೆಲಿನ ಹಾಗೆ ಕಾಣುತ್ತದೆ. "ಎಳೆಯೋ ದಾರ ಯಾವ ಕಡೆ ಬಿಡಲಿ?"

"ಬಲಗಡೆ. ಕೆಳಗಿನ ತನಕ ಬಿಡಿ. ಕೂತವರ ಕೈಗೆ ಸಿಗಬೇಕು."

"ಕೂತ್ಕೊಂಡು ಅಡಿಗೆ ಮಾಡ್ತೀರಾ? ಪುಣ್ಯವಂತರು ಬಿಡಿ," ಎಂದ ಅವನು. ಅವಳೂ ನಕ್ಕಳು. ಬಣ್ಣ ಆರಿಸಲು ಎರಡು ನಿಮಿಷವೂ ಆಗಲಿಲ್ಲ. ಹಾಲಿಲ್ಲದ ಚಹಾದ ಬಣ್ಣ, ಎದ್ದುಹೋದ ಹಸಿರಿಗೆ ಹೊಂದುವಂಥದ್ದು. ಒಳಗೆ ಹೊಲಿಗೆ ಮಿಷನ್ನು ಒಂದು ಗಂಟೆ ಗಡಗಡಿಸಿತು. ಕಂಬಿಯನ್ನು ನಾಲ್ಕೂವರೆ ಅಡಿಗೆ ಕತ್ತರಿಸಿ, ರಿಂಗು ಹಾಕಿದ ಪರದೆಯನ್ನು ಅದರ ಸುತ್ತ ಸುತ್ತಿ ಕೊಟ್ಟಾಗ ಅದು ಬಟ್ಟೆ ಹೊದಿಸಿದ ಮಗುವಿನಷ್ಟು ಭಾರವಿತ್ತು. ಹೆಗಲ ಮೇಲಿಟ್ಟುಕೊಂಡು ನಡೆದಳು. ಜನ ದಾರಿ ಬಿಟ್ಟರು. ಮಾಡಬೇಕಾದ್ದನ್ನು ಮಾಡಿ ಮುಗಿಸಿದೆ, ಇನ್ನು ಅವರು ನನ್ನನ್ನು ನೋಡುವುದಿಲ್ಲ, ನಾನು ಅವರನ್ನು ನೋಡುವುದಿಲ್ಲ, ಪೀಡೆ ತೊಲಗಿತು ಎಂದು ಹೆಜ್ಜೆಹೆಜ್ಜೆಗೂ ಅಂದುಕೊಂಡಳು.

ಗಂಡ ಅಡಿಗೆಮನೆಯಲ್ಲಿ ಸ್ಟೂಲು, ಮೊಳೆ, ಸುತ್ತಿಗೆ ಸಜ್ಜು ಮಾಡಿಕೊಂಡು ಕಾಯುತ್ತಿದ್ದ. ಕಂಬಿ ಎತ್ತಿ ಕಿಟಕಿಗೆ ಹಿಡಿದ. ಒಂದು ತುದಿ ಪಾತ್ರೆಯ ಕಪಾಟಿಗೆ ಠಣ್ಣೆಂದು ಬಡಿಯಿತು. ಈ ಕಡೆ ಸರಿಸಿದ, ಗೋಡೆಗೆ ಬಡಿಯಿತು. ಓರೆ ಹಿಡಿದ. "ಏನೇ ಇದು, ಮದುವೆ ಚಪ್ಪರದ ಗಳ ತಂದಿದೀಯಾ? ನಮ್ಮ ಕಿಟಕಿ ಇರೋದೇ ಮೂರಡಿ." ಕಂಬಿಯನ್ನು ಗೋಡೆಗೆ ಒರಗಿಸಿ, ಸುತ್ತಿದ ಬಟ್ಟೆಯೊಳಗಿದ್ದ ರಸೀದಿ ತೆಗೆದು, ಕನ್ನಡಕ ಹಣೆಗೇರಿಸಿ ಗಟ್ಟಿಯಾಗಿ ಓದತೊಡಗಿದ. "ಮೂರು ಕದ."

ಅಭ್ಯಾಸಬಲ. ಯಾರಾದರೂ ಗಟ್ಟಿಯಾಗಿ ಓದಿದರೆ ಅವಳ ಕಣ್ಣು ತಾನಾಗಿ ಎದುರಿನ ಹಾಳೆಗೆ ಹೋಗುತ್ತದೆ. ಎದುರಿಗೆ ಅವಳ ಕಿಟಕಿ. ಎರಡು ಕದ.

"ಚೌಕಟ್ಟು ಹಸಿರು."

ಬಿಳಿ. ಇಲ್ಲಿಗೆ ಬಂದ ದಿನದಿಂದಲೂ ಬಿಳಿ.

"ಕೊಕ್ಕೆ ಎರಡು, ಎಡಗಡೆದು ಬಗ್ಗಿದೆ. ದಾರ ಬಲಗಡೆ, ಕೂತವರ ಕೈಗೆ." ಅವನು ರಸೀದಿಯಿಂದ ತಲೆಯೆತ್ತಿದ. "ಯಾರ ಮನೆ ಕಿಟಕಿಗೆ ತಂದಿದೀಯೇ ಇದನ್ನ?"

ಅವಳು ತನ್ನ ಕಿಟಕಿಯನ್ನು ಮೊದಲ ಸಲವೆಂಬಂತೆ ನೋಡಿದಳು. ಹತ್ತೊಂಬತ್ತು ವರ್ಷ ಅದರ ಮೂಲಕ ನೋಡಿದ್ದಳೇ ಹೊರತು ಅದನ್ನು ನೋಡಿರಲಿಲ್ಲ. ಆಚೆ ಎದ್ದುಹೋದ ಹಸಿರು, ಮೂರು ಕದ, ಬಗ್ಗಿದ ಕೊಕ್ಕೆ, ಅದರ ಕೆಳಗೆ ಕುರ್ಚಿಯಲ್ಲಿ ಅಜ್ಜಿ, ಇತ್ತಲೇ ಮುಖ. ಕಿವಿ ಬಿಸಿಯಾಯಿತು. ಇಪ್ಪತ್ತೆರಡು ವರ್ಷ ಊರವರ ತಪ್ಪು ಹಿಡಿದವಳ ತಪ್ಪು ನಾಲ್ಕೂವರೆ ಅಡಿ ಉದ್ದವಾಗಿ ಗೋಡೆಗೆ ಒರಗಿತ್ತು. ಗಂಡ ಅವಳ ಮುಖ ನೋಡಿ ನಗುವನ್ನು ಅರ್ಧಕ್ಕೇ ನುಂಗಿದ. "ಹೋಗ್ಲಿ ಬಿಡು. ಕಂಬಿ ಕೊಯ್ಸಿದ್ರಾಯ್ತು, ಬಟ್ಟೆ ನೆರಿಗೆ ಜಾಸ್ತಿ ಬೀಳತ್ತೆ ಅಷ್ಟೇ. ಅರ್ಧ ಗಂಟೆ ಕೆಲಸ. ಕೊಡಿಲ್ಲಿ."

"ಬೇಡ," ಎಂದಳು. ಅವನ ಕೈ ತಲುಪುವ ಮೊದಲೇ ಕಂಬಿಯನ್ನು ಎಳೆದುಕೊಂಡ ರಭಸಕ್ಕೆ ಅವಳೇ ಬೆಚ್ಚಿದಳು. ಕೊಯ್ದು ಚಿಕ್ಕದು ಮಾಡಿ ತಮ್ಮ ಕಿಟಕಿಗೆ ಸಿಕ್ಕಿಸಿಬಿಡಬಹುದು; ಸಿಕ್ಕಿಸಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ; ಒಂದು ಸಲ ಕಣ್ಣು ಹಾಯ್ದು ಮುಂದೆ ಹೋದರೆ ಆಮೇಲೆ ಅದು ಸರಿಯಾಗಿಯೇ ಕಾಣುತ್ತದೆ. "ಇದು ಅವರದು. ಕೊಟ್ಟು ಬರ್ತೀನಿ."

"ಅವರು ಕೇಳಿದ್ದು ನಮ್ಮ ಕಿಟಕಿಗೆ ಹಾಕು ಅಂತಲ್ವೇನೇ?"

"ನಂಗೆ ಒಂದು ಮಾತು ಹೇಳೋದಿದೆ ಅವರಿಗೆ," ಎಂದಳು. ಯಾವ ಮಾತು ಎಂದು ಅವನು ಕೇಳಲಿಲ್ಲ. ಏಳು ತಿಂಗಳಿಂದ ಸಂಜೆ ಹೊತ್ತು ಅವಳು ದೀಪ ಹಾಕದೆ, ಹೊರಗಿನ ಮಬ್ಬು ಬೆಳಕಲ್ಲೇ ಅಡಿಗೆ ಮಾಡುವುದನ್ನು ಅವನು ತಮಾಷೆ ಮಾಡಿಕೊಂಡೇ ಬಂದಿದ್ದ. ತಮಾಷೆ ಮಾಡುವವರಿಗೆ ಏನೂ ಗೊತ್ತಿರುವುದಿಲ್ಲ ಎಂದೇನಿಲ್ಲ.

ತಮ್ಮ ಮೆಟ್ಟಿಲು ಇಪ್ಪತ್ತೆಂಟು, ಓಣಿ ನಾಲ್ಕು ಹೆಜ್ಜೆ, ಆ ಕಡೆಯ ಮೆಟ್ಟಿಲು ಮತ್ತೆ ಇಪ್ಪತ್ತೆಂಟು. ಕಂಬಿ ಹೊತ್ತುಕೊಂಡು, ತಿರುವಿನಲ್ಲಿ ಗೋಡೆಗೆ ತಾಗದಂತೆ ಓರೆ ಮಾಡಿಕೊಂಡು ಹತ್ತಿದರೂ ಮೂರು ನಿಮಿಷ ಹಿಡಿಯಲಿಲ್ಲ. ಮೂರೇ ನಿಮಿಷ. ಈ ದಾರಿಯಲ್ಲಿ ಅವಳು ಬಂದದ್ದು ಇದು ಎರಡನೆಯ ಸಲ. ಮೊದಲನೆಯದು ಅಜ್ಜಿ ತೊಡೆಯ ಮೂಳೆ ಜೋಡಿಸಿಕೊಂಡು ಮನೆಗೆ ಬಂದ ದಿನ, ಕೈಯಲ್ಲಿ ಹಣ್ಣು ಹಿಡಿದು. ಅದಕ್ಕೂ ಮುಂಚೆ ಆಸ್ಪತ್ರೆಯ ಪಡಸಾಲೆಯಲ್ಲಿ ಫ್ಲಾಸ್ಕಿನಿಂದ ಆ ಮಗಳಿಗೆ ಚಹಾ ಬಗ್ಗಿಸುತ್ತ, ಯಾರೂ ಕೇಳದಿದ್ದರೂ ಅವಳೇ ಅಂದಿದ್ದಳು: ನಾನು ಮನೇಲೇ ಇದ್ದೆ ನೋಡಿ, ಗೊತ್ತೇ ಆಗಲಿಲ್ಲ.

ಮಗಳು ಬಾಗಿಲು ತೆರೆದು ಕಂಬಿಯನ್ನೂ ಇವಳನ್ನೂ ನೋಡಿದಳು. "ಅಯ್ಯೋ ಅಕ್ಕಾ, ತೋರಿಸೋಕೆ ಇಲ್ಲೀತನಕ ಹೊತ್ಕೊಂಡು ಬಂದ್ರಾ?"

"ತೋರಿಸೋಕಲ್ಲ. ಇದು ನಿಮ್ಮ ಕಿಟಕಿಗೆ."

"ನಮ್ಮದಕ್ಕೆ ಅಮ್ಮ ಒಪ್ಪಲ್ಲ ಅಂದ್ನಲ್ಲ..."

"ದುಪ್ಪಟಿ ನೀವು ಕಟ್ಟಿದ್ರಿ, ಬಿಚ್ಚೋಕೆ ಅವರಿಗೆ ಆಗ್ತಿರಲಿಲ್ಲ. ಇದರ ದಾರ ಅವರ ಕೈಗೇ ಸಿಗತ್ತೆ."

ಅಡಿಗೆಮನೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಪ್ರತಿಯೊಂದು ವಸ್ತುವೂ ಗೊತ್ತಿದ್ದ ಜಾಗದಲ್ಲೇ ಇತ್ತು, ಆದರೆ ಎಡಬಲ ಅದಲುಬದಲಾದ ಹಾಗೆ. ನಲ್ಲಿ, ಹಲಗೆ, ಹಲಗೆಯ ಮೇಲಿನ ಡಬ್ಬ. ಅದು ಈಗ ಕೆಳಗಿನ ಸಾಲಿಗೆ ಇಳಿದಿತ್ತು. ಅಜ್ಜಿ ಕುರ್ಚಿಯಿಂದ ತಲೆ ತಿರುಗಿಸಿ ಇವಳನ್ನು ನೋಡಿದರು, ಮತ್ತೆ ಕಿಟಕಿಯತ್ತ ನೋಡಿದರು, ಅಲ್ಲಿರಬೇಕಾದವಳು ಇಲ್ಲಿ ಬಂದದ್ದು ಹೇಗೆ ಎನ್ನುವಂತೆ. ಮಗಳು ಕಂಬಿಯನ್ನು ಇಸಿದುಕೊಂಡು ಮೇಲೆತ್ತಿ ಹಿಡಿದಳು. ಅದು ಎರಡು ಕೊಕ್ಕೆಗಳ ನಡುವೆ, ಒರೆಗೆ ಕತ್ತಿ ಕೂತಂತೆ, ಸರಿಯಾಗಿ ನಿಂತಿತು. ಮಗಳು ಕೈ ಇಳಿಸಲಿಲ್ಲ. ಹಾಗೇ ಎತ್ತಿ ಹಿಡಿದುಕೊಂಡು, ಬೆನ್ನು ಮಾಡಿಕೊಂಡೇ, ನಿಧಾನವಾಗಿ ಕೇಳಿದಳು. "ನಮ್ಮ ಕಿಟಕಿ ಅಳತೆ ನಿಮಗೆ ಹೇಗೆ ಗೊತ್ತು?"

ಈ ಪ್ರಶ್ನೆಗೇ ಅಲ್ಲವೆ ನಲವತ್ತೈದು ನಿಮಿಷ ಹೆದರಿದ್ದು. ಈಗ ಅದು ಬಂದು ಎದುರಿಗೆ ನಿಂತರೆ, ಅಷ್ಟೇನೂ ದೊಡ್ಡದಲ್ಲ.

"ನೋಡಿ ನೋಡಿ," ಎಂದಳು. "ದಿನಾ ನೋಡ್ತೀನಿ. ಆವತ್ತೂ ನೋಡ್ದೆ. ಅಜ್ಜಿ ಬಿದ್ದಿದ್ದನ್ನ ನೋಡ್ದೆ. ಆರೂ ಇಪ್ಪತ್ತಕ್ಕೆ. ನೀವು ಬರೋ ತನಕ ಅಲ್ಲೇ ನಿಂತಿದ್ದೆ. ಕೂಗಲಿಲ್ಲ. ಬರಲೂ ಇಲ್ಲ."

ಕಂಬಿ ಮೆಲ್ಲಗೆ ಕೆಳಗಿಳಿಯಿತು. "ಆಸ್ಪತ್ರೇಲಿ, ಗೊತ್ತೇ ಆಗಲಿಲ್ಲ ಅಂದ್ರಿ."

"ಸುಳ್ಳು ಹೇಳ್ದೆ."

"ಚಹಾ ಕೊಟ್ರಿ ನಂಗೆ," ಎಂದಳು ಮಗಳು. ಉಳಿದದ್ದಕ್ಕಿಂತ ಅದೇ ಹೆಚ್ಚು ನಂಬಲಾಗದ ಸಂಗತಿಯೆಂಬಂತೆ ಮತ್ತೊಮ್ಮೆ ಅಂದಳು. "ನಾನು ಕುಡಿದೆ."

"ದೀಪ ಆರಿಸಿದ್ಲು," ಎಂದರು ಅಜ್ಜಿ.

ಇಬ್ಬರೂ ಅತ್ತ ತಿರುಗಿದರು. ಅಜ್ಜಿಯ ದನಿ ಬಹಳ ದಿನದಿಂದ ತೆರೆಯದ ಡಬ್ಬದ ಮುಚ್ಚಳದ ಹಾಗೆ ಕಚ್ಚಿ ಕಚ್ಚಿ ಬಂತು. ಒಂದು ಬೆರಳೆತ್ತಿ ನಲ್ಲಿಯ ಪಕ್ಕದ ಗೋಡೆ ತೋರಿಸಿದರು. "ಸಂಜೆ ಇವಳ ಮನೆ ಬೆಳಕು ಅಲ್ಲಿ ಬೀಳತ್ತೆ, ಚೌಕಕ್ಕೆ. ಕೆಳಗೆ ಬಿದ್ದವಳಿಗೆ ಅದೊಂದೇ ಕಾಣ್ತಿತ್ತು. ಆರಿತು. ಸದ್ಯ, ನೋಡಿದ್ಲು, ಬರ್ತಾ ಇದಾಳೆ ಅಂದ್ಕೊಂಡೆ. ಹೊರಡೋ ಹೆಂಗಸು ದೀಪ ಆರಿಸೇ ಹೊರಡ್ತಾಳೆ. ಈಗ ಮೆಟ್ಲು ಇಳಿದ್ಲು, ಈಗ ಓಣಿ ದಾಟಿದ್ಲು, ಈಗ ನಮ್ಮ ಮೆಟ್ಲು ಹತ್ತಿದ್ಲು. ಬರಲಿಲ್ಲ. ಎಲ್ಲೋ ತಪ್ಪು ಎಣಿಸಿದೆ ಅಂತ ಮತ್ತೆ ಮೊದಲಿಂದ." ಇವಳ ಕಡೆ ತಿರುಗಿದರು. "ಎಷ್ಟು ಸಲ ಹತ್ತಿ ಬಂದೆ ಗೊತ್ತಾ ನೀನು?"

ಹಾರಿಸಿ ಓದುತ್ತಿದ್ದ ಸಾಲು ಅದೇ. ತಾನು ನೋಡುತ್ತಿರುವುದು ಯಾರಿಗೂ ಕಾಣದಿರಲಿ ಎಂದು, ಹಾಲಿನ ಒಲೆ ಆರಿಸಿದ ಅದೇ ಕೈಯಿಂದ, ಸ್ವಿಚ್ಚು ಒತ್ತಿದ್ದು. ನಿಂತೇ ಇದ್ದಳು. ಓಡಿಹೋಗಬಾರದು ಎಂಬುದಷ್ಟೇ ತಲೆಯಲ್ಲಿತ್ತು.

"ಒಲೆ ಮೇಲೆ ಏನಿತ್ತು?" ಅಜ್ಜಿ ಕೇಳಿದರು.

"ಹಾಲು."

"ಉಕ್ಕಿತಾ?"

"ಇಲ್ಲ ಅಜ್ಜಿ. ಆರಿಸಿದ್ದೆ."

ಅಜ್ಜಿ ತಲೆಯಾಡಿಸಿದರು, ಬಹಳ ದಿನದ ಒಂದು ಲೆಕ್ಕ ತಾಳೆಯಾದಂತೆ. "ಅಷ್ಟು ಜ್ಞಾನ ಇತ್ತು."

"ನೀವೀಗ ಹೋಗಿ," ಎಂದಳು ಮಗಳು. ಅಕ್ಕಾ ಎನ್ನಲಿಲ್ಲ. ಆ ಜಾಗ ಖಾಲಿ ಉಳಿದದ್ದು ಕಿವಿಗೆ ಹೊಡೆಯಿತು.

"ಕಂಬಿ ಹಾಕಿ ಹೋಗ್ಲಿ," ಎಂದರು ಅಜ್ಜಿ. "ನನ್ನ ಅಳತೆಗೆ ತಂದಿದಾಳೆ."

ಸ್ಟೂಲು ಅದೇ ಸ್ಟೂಲು. ಒಂದು ಕಾಲು ಗಿಡ್ಡ ಎಂದು ಹತ್ತಿದ ಮೇಲೆ ತಿಳಿಯಿತು. ಅದು ಓಣಿಯಾಚೆಯಿಂದ ಕಂಡಿರಲಿಲ್ಲ. ಬಗ್ಗಿದ ಕೊಕ್ಕೆಯನ್ನು ಬೆರಳಿಂದ ಒತ್ತಿ ನೆಟ್ಟಗೆ ಮಾಡಲು ಹೋದಾಗ ಸ್ಟೂಲು ಟಕ್ಕೆಂದು ವಾಲಿತು. ಕೆಳಗೆ ಮಗಳು ಕೈಕಟ್ಟಿ ನಿಂತಿದ್ದಳು. ಕೈ ಬಿಡಿಸಲಿಲ್ಲ. ಆದರೆ ಒಂದು ಪಾದವನ್ನು ಮುಂದೆ ತಂದು ಆ ಗಿಡ್ಡ ಕಾಲಿನ ಅಡಿಗೆ ಒತ್ತಿ ಹಿಡಿದಳು. ಇವಳು ಇಳಿಯುವವರೆಗೂ ಹಾಗೇ ಒತ್ತಿ ಹಿಡಿದಿದ್ದು, ಇಳಿದ ಕೂಡಲೇ ತೆಗೆದಳು. ಅಜ್ಜಿ ದಾರ ಎಳೆದರು. ಚಹಾದ ಬಣ್ಣದ ಬಟ್ಟೆ ಸರಸರನೆ ಬಂದು ಇವಳ ಮನೆಯ ಬಿಳಿ ಚೌಕಟ್ಟನ್ನು ನುಂಗಿತು. ದಾರದ ಇನ್ನೊಂದು ಎಳೆ ಎಳೆದರು. ಬಿಳಿ ಚೌಕಟ್ಟು ಬಂತು. ಮತ್ತೆ ಮುಚ್ಚಿದರು. ಇವಳು ಕ್ಷಮಿಸಿ ಎನ್ನಲಿಲ್ಲ. ಅದನ್ನು ಕೇಳಿ ಅವರಿಗೆ ಇನ್ನೊಂದು ಕೆಲಸ ಹಚ್ಚಬಾರದು ಎಂದು ಮೆಟ್ಟಿಲ ಮೇಲೇ ನಿಶ್ಚಯಿಸಿಕೊಂಡಿದ್ದಳು.

"ನಮ್ಮ ಕಿಟಕಿಗೆ?" ಎಂದು ಕೇಳಿದ ಗಂಡ, ಅವಳು ಮನೆಗೆ ಮರಳಿದಾಗ ಸುತ್ತಿಗೆ ಎತ್ತಿಡುತ್ತ.

"ನಮ್ಮದಕ್ಕೆ ಬೇಡ."

ಅವಳು ಹಾಲನ್ನು ಒಲೆಯ ಮೇಲಿಟ್ಟಳು. ಓಣಿಯಲ್ಲಿ ಕತ್ತಲಾಗುತ್ತಿತ್ತು. ಆರೂ ಇಪ್ಪತ್ತಕ್ಕೆ ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಹಾಕಿದಳು. "ಓಹೋ, ಈ ಮನೇಲಿ ದೀಪಾನೂ ಇದೆ," ಎಂದ ಗಂಡ ಹೊರಗಿನ ಕೋಣೆಯಿಂದ. ಕಿಟಕಿಯ ಮುಂದೆ ಬಂದು ನಿಂತಳು, ಪಕ್ಕದ ಗೋಡೆಗೆ ಒರಗದೆ, ಸರೀ ನಡುವೆ. ಅವಳ ಕಿಟಕಿಯ ಬೆಳಕು ಓಣಿ ದಾಟಿ ಎದುರಿನ ಪರದೆಯ ಮೇಲೆ ಬಿದ್ದು ಅಲ್ಲೇ ನಿಂತಿತು, ಒಳಗೆ ಹೋಗಲಿಲ್ಲ. ಯಾರ ಕಡೆ ದೀಪ ಉರಿಯುತ್ತದೋ ಅವರೇ ಬಯಲಿಗೆ. ಬಹಳ ಹೊತ್ತು ಏನೂ ಆಗಲಿಲ್ಲ. ಕಾಯುವುದಕ್ಕೆ ತನಗೇನು ಹಕ್ಕು ಎನ್ನಿಸಿತು, ಆದರೂ ಕಾಲು ಕೀಳಲಿಲ್ಲ. ಆಮೇಲೆ ಪರದೆಯ ಬಲ ಅಂಚು ಅಲುಗಿತು. ಒಂದು ಗೇಣಿನಷ್ಟು ಸರಿಯಿತು. ಆ ಸಂದಿಯಲ್ಲಿ ಬಿಳಿಯ ತುರುಬು, ಅರ್ಧ ಮುಖ, ಒಂದು ಕಣ್ಣು. ಕಣ್ಣು ಅವಳನ್ನು ನೋಡಿತೋ, ಅವಳ ತಲೆಯ ಮೇಲಿನ ದೀಪವನ್ನು ನೋಡಿತೋ, ಹೇಳಲಾಗದು. ಪಕ್ಕಕ್ಕೆ ಸರಿದುಬಿಡಬೇಕೆಂದು ಮೈಯ ಒಂದೊಂದು ಮೂಳೆಯೂ ಎಳೆಯಿತು. ಹಿಂದೆ ಪಾತ್ರೆ ಗುಸುಗುಟ್ಟತೊಡಗಿತು, ಸದ್ದು ದಪ್ಪವಾಯಿತು, ಮೇಲೇರಿತು.

"ಹಾಲು ಕಣೇ! ಹಾಲು!" ಎಂದು ಗಂಡ ಕೂಗಿದ.

ಚುಯ್ಯೆಂದು ಉಕ್ಕಿ ಸುರಿಯಿತು. ಕರಟಿದ ವಾಸನೆ ಅಡಿಗೆಮನೆಯನ್ನೆಲ್ಲ ತುಂಬಿತು. ಗಂಡ ಓಡಿಬಂದು ಅವಳ ಬೆನ್ನ ಹಿಂದೆ ಒಲೆ ಆರಿಸಿದ. ಅವಳು ತಿರುಗಲಿಲ್ಲ. ಎದುರಿನ ಪರದೆಯನ್ನು ಅಜ್ಜಿ ತಾವಾಗಿ ಮುಚ್ಚುವವರೆಗೂ ಅಲ್ಲೇ, ಬೆಳಕಿನಲ್ಲಿ, ನಿಂತಿದ್ದಳು.